ಮುಕ್ಕಾಲು ಇಂಚು

ಜನವರಿ ೬, ಮಂಗಳವಾರ

ಮನೆ ನಿಶ್ಶಬ್ದವಾಗಿದೆ. ಇಷ್ಟು ವರ್ಷ ನಾನು ಬೇಡುತ್ತಿದ್ದದ್ದು ಇದನ್ನೇ. ಮೂಲೆಯಲ್ಲಿರುವ ಆ ಕೈಹೊಲಿಗೆ ಮೆಷಿನ್ನಿನ ಕಟಕಟ ಇಲ್ಲ, ಪೇಪರ್ ಓದುವಾಗ ಕಾಲಿಗೆ ಸಿಕ್ಕಿಕೊಳ್ಳುವ ದಾರದುಂಡೆ ಇಲ್ಲ. ಹೆಂಡತಿ ನಿನ್ನೆ ಅಕ್ಕನ ಮನೆಗೆ ಹೋದಳು. ಅಕ್ಕನಿಗೆ ಮೊಣಕಾಲು ನೋವಂತೆ. ಆ ಮೊಣಕಾಲು ನಮ್ಮ ಮದುವೆಯ ದಿನದಿಂದಲೂ ನೋಯುತ್ತಿದೆ. ಆರೈಕೆಗೆ ತಂಗಿ ಬೇಕು ಅಂತ ಅದಕ್ಕೆ ನೆನಪಾದದ್ದು ಮಾತ್ರ ನಿನ್ನೆ.

ನಿಜವಾದ ಕಾರಣ ಸ್ವೆಟರು. ಭಾನುವಾರ ಬೆಳಿಗ್ಗೆ ತಂದು ಮೇಜಿನ ಮೇಲಿಟ್ಟಳು. ಬೂದು ಬಣ್ಣದ್ದು, ತಿಂಗಳುಗಟ್ಟಲೆ ಕೂತು ಕೈಯಲ್ಲಿ ಹೆಣೆದದ್ದು. "ನೋಡಿ" ಅಂದಳು. ನೋಡು ಅಂದರೆ ನಾನು ನೋಡುವವನೇ. ಸ್ಟೂಲಿನ ಫ್ಯಾಕ್ಟರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ನನಗೆ ಸಂಬಳ ಕೊಡುತ್ತಿರುವುದೇ ನೋಡುವುದಕ್ಕೆ. ಜೇಬಿನಿಂದ ಟೇಪು ತೆಗೆದು ಎದೆ, ಉದ್ದ, ತೋಳು ಎಲ್ಲ ಅಳೆದೆ. ಎಡತೋಳು ಬಲತೋಳಿಗಿಂತ ಮುಕ್ಕಾಲು ಇಂಚು ಗಿಡ್ಡ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಅದೇ ಜೇಬಿನಲ್ಲಿ ಚೀಟಿಗಳೂ ಇದ್ದವು. ಅಂಟಿನ ಚೀಟಿಗಳು, ಮೂರು ಬಣ್ಣ, ಮೇಲೆ ಅಚ್ಚು ಹಾಕಿದ ಅಕ್ಷರ. ಹಸಿರು ಅಂದರೆ ಪಾಸು. ಕೆಂಪು ಅಂದರೆ ತಿರಸ್ಕೃತ. ಹಳದಿ ಅಂದರೆ ದುರಸ್ತಿ ಮಾಡಿ, ಎಂಟು ದಿನಕ್ಕೆ ಮತ್ತೆ ಪರೀಕ್ಷೆ. ಹಳದಿಯ ಕಟ್ಟು ನನ್ನಲ್ಲಿ ಕೊಟ್ಟಾಗಿನಂತೆಯೇ ಇದೆ. ಕೆಟ್ಟದ್ದು ಕೆಟ್ಟದ್ದೇ, ಅದನ್ನು ಎಂಟು ದಿನ ಮುದ್ದು ಮಾಡುವುದೇನಿದೆ? ಕೆಂಪು ಚೀಟಿ ತೆಗೆದು ಸ್ವೆಟರಿನ ಎಡತೋಳಿಗೆ ಅಂಟಿಸಿದೆ. ತಮಾಷೆಗೆ. ತಮಾಷೆ ತಮಾಷೆ ಅನ್ನಿಸಿಕೊಳ್ಳಬೇಕಾದರೆ ಎದುರಿಗಿದ್ದವರಿಗೂ ಒಂದಿಷ್ಟು ರಸಿಕತೆ ಬೇಕು. ಅವಳು ಸ್ವೆಟರನ್ನು ಮಡಚಿ ಬೀರುವಿನ ಮೇಲಿಟ್ಟಳು. ಚೀಟಿಯನ್ನು ಕೀಳಲಿಲ್ಲ.

ನಾಲ್ಕು ದಿನ ಕಳೆದರೆ ತಾನೇ ಬರುತ್ತಾಳೆ.

ಜನವರಿ ೯, ಶುಕ್ರವಾರ

ನಮ್ಮ ಚಿಕ್ಕ ಯಜಮಾನನಿಗೆ ಯಾರೋ ತಲೆಗೆ ಹುಳ ಬಿಟ್ಟಿದ್ದಾರೆ. ದೊಡ್ಡ ಯಜಮಾನರು ಕುರ್ಚಿ ಬಿಟ್ಟುಕೊಟ್ಟು ಮೂರು ತಿಂಗಳಾಗಿಲ್ಲ, ಮಗರಾಯ ಯಾವುದೋ ವಸ್ತುಪ್ರದರ್ಶನ ನೋಡಿ ಬಂದು ನಮ್ಮನ್ನೆಲ್ಲ ಅಂಗಳದಲ್ಲಿ ನಿಲ್ಲಿಸಿದ.

"ಜನಕ್ಕೆ ಮೆಷಿನ್ ಮಾಲು ಸಾಕಾಗಿದೆ. ಅವರಿಗೆ ಕೈಯಿಂದ ಮಾಡಿದ್ದು ಬೇಕು. ಒಬ್ಬ ಮನುಷ್ಯನ ಕೈ ತಾಗಿದೆ ಅಂತ ಗೊತ್ತಾಗ್ಬೇಕು."

"ಹಾಗಾದ್ರೆ ಕೈಯಿಂದ ಮಾಡೋದಾ?" ಅಂದೆ.

"ಛೆ, ಅದು ಹೇಗಾಗುತ್ತೆ. ದಿನಕ್ಕೆ ಎರಡು ಆಗಲ್ಲ. ಮೆಷಿನ್ನಲ್ಲೇ ಮಾಡೋಣ. ಕೊನೇಲಿ ಒಂದೊಂದು ತಪ್ಪು ಹಾಕೋಣ."

ಒಂದೊಂದು ತಪ್ಪು ಹಾಕೋಣ. ಅಡುಗೆಗೆ ಉಪ್ಪು ಹಾಕೋಣ ಅಂದ ಹಾಗೆ. ಇಪ್ಪತ್ತೆರಡು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ತಪ್ಪನ್ನು ಹೊರಗೆ ಹಾಕಿದವನು ನಾನು. ಸೋಮವಾರದಿಂದ ತಪ್ಪು ಸರಿಯಾಗಿ ಬಿದ್ದಿದೆಯೋ ಇಲ್ಲವೋ ನೋಡುವವನೂ ನಾನೇ. ಹುದ್ದೆಯ ಹೆಸರು ಬದಲಾಗಿಲ್ಲ, ಅದೊಂದು ಪುಣ್ಯ.

ಹೆಂಡತಿಯ ಫೋನ್ ಬಂದಿತ್ತು. "ಗ್ಯಾಸ್ ಆಫ್ ಮಾಡ್ತಿದ್ದೀರಾ?" ಅಂತ ಕೇಳಿದಳು. ಮಾಡ್ತಿದ್ದೀನಿ ಅಂದೆ. ಇಟ್ಟಳು.

ಜನವರಿ ೧೨, ಸೋಮವಾರ

ತಪ್ಪು ಹಾಕುವ ಕೆಲಸಕ್ಕೆ ಪ್ಯಾಕಿಂಗಿನಲ್ಲಿದ್ದ ಹೆಂಗಸನ್ನು ಕೂರಿಸಿದ್ದಾರೆ. ಒಂದೇ ದಿನದಲ್ಲಿ ಅವಳಿಗೆ ಸುತ್ತಿಗೆಯಕ್ಕ ಅಂತ ಹೆಸರು ಬಿದ್ದಿದೆ. ಗಟ್ಟಿ ಮೈ, ಅದಕ್ಕಿಂತ ಗಟ್ಟಿ ಬಾಯಿ. ಮೆಷಿನ್ನಿನಿಂದ ನುಣುಪಾಗಿ ಇಳಿದುಬಂದ ಸ್ಟೂಲಿಗೆ ಸುತ್ತಿಗೆಯಲ್ಲಿ ಒಂದೇಟು ಕೊಟ್ಟು ನನ್ನ ಕಡೆ ತಳ್ಳುತ್ತಾಳೆ.

ಬೆಳಗಿನ ಮಾಲೆಲ್ಲ ಕೆಂಪು. ಒಂದಕ್ಕೆ ಏಟು ಆಳ, ಇನ್ನೊಂದಕ್ಕೆ ಬಿದ್ದಿದೆಯೋ ಇಲ್ಲವೋ ಗೊತ್ತಿಲ್ಲ, ಮತ್ತೊಂದಕ್ಕೆ ಕಾಲಿಗೇ ಬಿದ್ದಿದೆ.

"ತಪ್ಪು ಮಾಡಿ ಅಂದ್ರೆ ಮಾಡಿದ್ದೀನಿ ಸಾರ್. ಮಾಡಿದ ತಪ್ಪೂ ತಪ್ಪಾ?" ಅಂದಳು.

"ತಪ್ಪಿಗೂ ಒಂದು ಅಳತೆ ಬೇಕಮ್ಮಾ."

ಮಧ್ಯಾಹ್ನ ಕೂತು ತಗಡಿನ ಅಚ್ಚು ಕತ್ತರಿಸಿದೆ. ಸ್ಟೂಲಿನ ಮೇಲೆ ಅದನ್ನಿಟ್ಟರೆ ಬಲ ಮೂಲೆಯಲ್ಲಿ ಒಂದು ತೂತು. ತೂತಿನೊಳಗೆ ಒಂದೇ ಏಟು. ಸಂಜೆಯ ಹೊತ್ತಿಗೆ ಸಾಲು ಸಾಲು ಸ್ಟೂಲುಗಳು, ಎಲ್ಲಕ್ಕೂ ಒಂದೇ ಜಾಗದಲ್ಲಿ ಒಂದೇ ಆಳದ ತಗ್ಗು. ಅಪ್ಪಟ ಕೈಕೆಲಸ. ಎಲ್ಲಕ್ಕೂ ಹಸಿರು. ಚಿಕ್ಕ ಯಜಮಾನ ಬೆನ್ನು ತಟ್ಟಿದ.

ಇದನ್ನು ಹೇಳಿಕೊಂಡು ನಗಲು ಮನೆಯಲ್ಲಿ ಯಾರೂ ಇರಲಿಲ್ಲ.

ಜನವರಿ ೧೪, ಬುಧವಾರ

ಹಾಲು ಉಕ್ಕಿತು. ಒರೆಸಿದೆ.

ಜನವರಿ ೧೮, ಭಾನುವಾರ

ಷಡ್ಡಕನ ಫೋನು. ಮಾತು ಶುರು ಮಾಡುವ ಮುಂಚೆ ಹತ್ತು ಸಲ ಗಂಟಲು ಸರಿಮಾಡಿಕೊಳ್ಳುವ ಪ್ರಾಣಿ. ಹೆಂಡತಿಯ ಅಕ್ಕನನ್ನು ಕಟ್ಟಿಕೊಂಡು ಇಷ್ಟು ವರ್ಷ ಬದುಕಿದವನ ಗಂಟಲು ಅದು, ತಪ್ಪು ಹೇಳುವ ಹಾಗಿಲ್ಲ.

"ಏನಿಲ್ಲ ರೀ, ಆ ಹೊಲಿಗೆ ಮೆಷಿನ್ ಕಳಿಸಬೇಕಂತೆ. ಇಲ್ಲಿ ಮೇಲಿನ ರೂಮು ಖಾಲಿ ಇದೆಯಲ್ಲ, ಅಕ್ಕಪಕ್ಕದ ಹೆಂಗಸರು ಬಟ್ಟೆ ಕೊಡ್ತಾರಂತೆ. ಮುಂದಿನ ಭಾನುವಾರ ವ್ಯಾನ್ ಕಳಿಸ್ತೀನಿ. ಸ್ವಲ್ಪ ಕಟ್ಟಿಟ್ಟಿರಿ."

"ಎಷ್ಟು ದಿನಕ್ಕಂತೆ?"

ಗಂಟಲು ಸರಿಮಾಡಿಕೊಂಡ. "ಅದನ್ನ ಅವಳು ಹೇಳಿಲ್ಲ. ನಾನೂ ಕೇಳಿಲ್ಲ."

ಆ ಮೆಷಿನ್ ಅವಳ ತಾಯಿಯದು. ಕರಿ ಕಬ್ಬಿಣದ್ದು, ಪಕ್ಕದಲ್ಲೊಂದು ಹಿಡಿ, ಬಲಗೈಯಲ್ಲಿ ತಿರುವುತ್ತಾ ಎಡಗೈಯಲ್ಲಿ ಬಟ್ಟೆ ನೂಕಬೇಕು. ಕರೆಂಟಿನದು ಕೊಡಿಸುತ್ತೇನೆ, ಇದನ್ನು ಗುಜರಿಗೆ ಹಾಕು ಅಂತ ಎಷ್ಟು ಸಲ ಹೇಳಿದ್ದೇನೆ. "ಇದು ನನ್ನ ಕೈ ಮಾತು ಕೇಳುತ್ತೆ" ಅನ್ನುತ್ತಿದ್ದಳು. ನಾಲ್ಕು ದಿನಕ್ಕೆ ಅಕ್ಕನ ಮನೆಗೆ ಹೋದವರು ಸೀರೆ ತರಿಸಿಕೊಳ್ಳುತ್ತಾರೆ, ಔಷಧಿ ತರಿಸಿಕೊಳ್ಳುತ್ತಾರೆ. ಮೆಷಿನ್ ತರಿಸಿಕೊಳ್ಳುವುದಿಲ್ಲ. ಅದು ಇರುವ ಕಡೆಯೇ ಅವಳು ಇರುವುದು.

ಒಳ್ಳೆಯದೇ ಆಯಿತು. ಮೂಲೆ ಖಾಲಿಯಾಗುತ್ತದೆ. ಅಲ್ಲಿ ಏನಾದರೂ ಇಡಬಹುದು. ಏನು ಅಂತ ಇನ್ನೂ ಹೊಳೆದಿಲ್ಲ.

ಜನವರಿ ೨೧, ಬುಧವಾರ

ಚಿಕ್ಕ ಯಜಮಾನನ ಹೊಸ ವರಸೆ. ಫೋಟೋ ತೆಗೆಯುವವರು ಬರುತ್ತಾರಂತೆ, ನಾವೆಲ್ಲ ಕುಶಲಕರ್ಮಿಗಳ ಹಾಗೆ ಕಾಣಬೇಕಂತೆ. ತಲೆಗೊಂದು ದೊರಗು ಬಟ್ಟೆಯ ತುಂಬುತೋಳಿನ ಅಂಗಿ ಹಂಚಿದರು. ಕುಶಲಕರ್ಮಿಗಳ ಆ ಅಂಗಿ ಸಾವಿರಗಟ್ಟಲೆ ಅಂಗಿ ಹೊಲಿಯುವ ಫ್ಯಾಕ್ಟರಿಯಿಂದ ಬಂದದ್ದು ಅಂತ ಬೇರೆ ಹೇಳಬೇಕಾಗಿಲ್ಲ.

ಹಾಕಿಕೊಂಡೆ. ಬಲತೋಳು ಸರಿಯಾಗಿದೆ. ಎಡತೋಳು ಅಂಗೈ ಮೇಲೆ ಇಳಿಬಿದ್ದಿದೆ. ಸ್ಟೋರ್ ಕೀಪರನ ಹತ್ತಿರ ಹೋಗಿ ಕೆಂಪು ಚೀಟಿ ಅಂಟಿಸಿಯೇ ಕೊಟ್ಟೆ. "ಎಡತೋಳು ಉದ್ದ. ಬೇರೆ ಕೊಡು."

ಬೇರೆ ಕೊಟ್ಟ. ಅದರದ್ದೂ ಎಡತೋಳು ಉದ್ದ. ಮೂರನೆಯದು ಕೊಟ್ಟ. ಅದೂ ಹಾಗೆಯೇ. ಇದೇನು ಅಂಗಿಯೋ ಅನಾಹುತವೋ. ಇಡೀ ಮೂಟೆಗೇ ಕೆಂಪು ಅಂಟಿಸಿ ವಾಪಸ್ ಕಳಿಸು ಅಂದೆ. ಬಟ್ಟೆ ಹೊಲಿಯುವವರಿಗೆ ಒಬ್ಬ ತಪಾಸಣೆಯವನನ್ನು ಇಟ್ಟುಕೊಳ್ಳುವ ಯೋಗ್ಯತೆಯೂ ಇಲ್ಲವೇ?

ಜನವರಿ ೨೨, ಗುರುವಾರ

ಸ್ಟೋರ್ ಕೀಪರ್ ಮೂಟೆ ವಾಪಸ್ ಕಳಿಸಿಲ್ಲ. ಊಟದ ಹೊತ್ತಿನಲ್ಲಿ, ಎಲ್ಲರೂ ಕೂತಿರುವಾಗಲೇ, ಮೂರೂ ಅಂಗಿಗಳನ್ನು ತಂದು ನನ್ನ ತಪಾಸಣೆಯ ಮೇಜಿನ ಮೇಲೆ ಹರಡಿದ.

"ಟೇಪ್ ಕೊಡಿ ಇಲ್ಲಿ" ಅಂದ.

ಕೊಟ್ಟೆ. ಅಳೆದ. ಎರಡು ತೋಳೂ ಸಮ. ಅವನ ಕೈಯಿಂದ ಟೇಪು ಕಿತ್ತುಕೊಂಡು ನಾನೇ ಅಳೆದೆ. ಮೂರು ಅಂಗಿಗೂ, ಎರಡು ತೋಳೂ, ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ.

"ಹಾಗಾದ್ರೆ ಹಾಕ್ಕೊಂಡಾಗ ಯಾಕೆ ಇಳಿಬೀಳುತ್ತೆ?" ಅಂದೆ.

ಸುತ್ತಿಗೆಯಕ್ಕ ಡಬ್ಬಿಯಿಂದ ತಲೆ ಎತ್ತದೆ ಹೇಳಿದಳು: "ಅಂಗಿ ಅಳೆದಾಯ್ತಲ್ಲ ಸಾರ್. ಇನ್ನು ಒಳಗಿರೋ ಮಾಲೊಂದೇ ಬಾಕಿ."

ಊಟದ ಮೇಜು ಪೂರ್ತಿ ನಕ್ಕಿತು. ಸಂಜೆ ಯಾರಿಗೂ ಹೇಳದೆ ಒಂದು ಅಂಗಿಯನ್ನು ಚೀಲಕ್ಕೆ ಹಾಕಿಕೊಂಡು ಬಂದೆ.

ಜನವರಿ ೨೩, ಶುಕ್ರವಾರ

ಸ್ವಂತ ಕೈಯನ್ನು ಒಬ್ಬನೇ ಅಳೆದುಕೊಳ್ಳುವುದು ಎಷ್ಟು ಕಷ್ಟ ಅಂತ ಅಳೆದವರಿಗೇ ಗೊತ್ತು. ಟೇಪಿನ ತುದಿಯನ್ನು ಹೆಗಲ ಮೇಲಿಟ್ಟು ಗದ್ದದಲ್ಲಿ ಒತ್ತಿ ಹಿಡಿದೆ, ಜಾರಿತು. ಹಲ್ಲಿನಲ್ಲಿ ಕಚ್ಚಿದೆ. ಕೊನೆಗೆ ತುದಿಯನ್ನು ಅಂಗಿಯ ಹೆಗಲಿಗೆ ಪಿನ್ನು ಹಾಕಿ ಸಿಕ್ಕಿಸಿ ಕನ್ನಡಿಯ ಮುಂದೆ ನಿಂತೆ. ಬಲಗೈ ಅಳತೆ ಬರೆದುಕೊಂಡೆ. ಎಡಗೈ ಅದಕ್ಕಿಂತ ಮುಕ್ಕಾಲು ಇಂಚು ಗಿಡ್ಡ.

ಹುಡುಗನಾಗಿದ್ದಾಗ ಗೋಡೆಯಿಂದ ಬಿದ್ದು ಆ ಮೊಣಕೈ ಮುರಿದಿತ್ತು. ಕೂಡಿಕೊಳ್ಳುವಾಗ ಒಂದು ಚೂರು ಬಾಗಿಯೇ ಕೂಡಿಕೊಂಡಿತು, ಪೂರ್ತಿ ನೆಟ್ಟಗಾಗುವುದಿಲ್ಲ. ಇದು ನನಗೆ ಗೊತ್ತಿಲ್ಲದ್ದಲ್ಲ. ಮದುವೆಗೆ ಮುಂಚೆ ಯಾವಾಗಲೂ ಅಂಗಿಯ ತೋಳು ಮಡಚಿಕೊಂಡೇ ಓಡಾಡುತ್ತಿದ್ದೆ, ಶೋಕಿ ಅಂದುಕೊಂಡಿದ್ದೆ. ಮದುವೆಯಾದ ಮೇಲೆ ಮಡಚುವುದು ನಿಂತಿತು. ವಯಸ್ಸಾಯಿತು, ಗಂಭೀರನಾದೆ ಅಂದುಕೊಂಡಿದ್ದೆ.

ಬೀರು ತೆಗೆದೆ. ಇದ್ದಬದ್ದ ಅಂಗಿಗಳನ್ನೆಲ್ಲ ಮಂಚದ ಮೇಲೆ ಹರಡಿ ಒಂದೊಂದೇ ಎಡತೋಳನ್ನು ಒಳಮಗ್ಗುಲು ತಿರುವಿ ನೋಡಿದೆ. ಕಫ್‌ಗಿಂತ ಸ್ವಲ್ಪ ಮೇಲೆ, ಒಳಗಡೆ, ಒಂದು ಸಣ್ಣ ಮಡಿಕೆ. ಬಟ್ಟೆಯ ಬಣ್ಣದ್ದೇ ದಾರ. ಹೊರಗಿನಿಂದ ಏನೂ ಕಾಣುವುದಿಲ್ಲ. ಎಲ್ಲ ಅಂಗಿಗೂ ಇದೆ. ಮದುವೆಯ ಹೊಸತರಲ್ಲಿ ಕೊಂಡ ಚೌಕಳಿ ಅಂಗಿ, ಈಗ ಗುಂಡಿ ಹಾಕಲು ಹೊಟ್ಟೆ ಬಿಡದ್ದು, ಅದಕ್ಕೂ ಇದೆ.

ನಾನು ಅಂಗಿ ಕೊಂಡುತರುತ್ತಿದ್ದೆ. ಎರಡು ದಿನ ಕಟಕಟ ಕೇಳುತ್ತಿತ್ತು. ಆ ಸದ್ದು ನಿಲ್ಲಿಸು ಅನ್ನುತ್ತಿದ್ದೆ. ಆಮೇಲೆ ಅಂಗಿ ಹಾಕಿಕೊಂಡು, ಎಷ್ಟು ಚೆನ್ನಾಗಿ ಕೂತಿದೆ, ಅಂಗಡಿ ಒಳ್ಳೆಯದು ಅನ್ನುತ್ತಿದ್ದೆ.

ಬಹಳ ಹೊತ್ತು ಅಂಗಿಗಳ ಮಧ್ಯೆ ಹಾಗೇ ಕೂತಿದ್ದೆ. ನಾಚಿಕೆಯಾಯಿತು. ಊಟ ಮಾಡುವುದು ಮರೆತೇಹೋಯಿತು.

ಜನವರಿ ೨೫, ಭಾನುವಾರ

ಬೆಳಿಗ್ಗೆಯೇ ಷಡ್ಡಕನಿಗೆ ಫೋನ್ ಮಾಡಿ ಈ ವಾರ ವ್ಯಾನ್ ಬೇಡ ಅಂದೆ. ಕಾರಣ ಕೇಳಿದ. ಮೆಷಿನ್ನಿಗೆ ಎಣ್ಣೆ ಬಿಡಬೇಕು, ತಪಾಸಣೆ ಮಾಡದೆ ನಾನು ಯಾವ ಮಾಲೂ ಹೊರಗೆ ಕಳಿಸುವುದಿಲ್ಲ ಅಂದೆ. ಫೋನಿನ ಆ ಕಡೆ ಯಾರೋ ಏನೋ ಅಂದರು. ಅವಳ ಅಕ್ಕನ ದನಿ. "ಮೆಷಿನ್ನೂ ರಿಜೆಕ್ಟ್ ಮಾಡ್ತಾರಂತಾ?" ಅಂತ ಕೇಳಿಸಿತು. ಮೊಣಕಾಲು ನೋಯುವವರ ಬಾಯಿಗೆ ಏನೂ ಆಗಿಲ್ಲ ಅಂತ ಖಾತ್ರಿಯಾಯಿತು.

ಫ್ಯಾಕ್ಟರಿಯ ಅಂಗಿಗೆ ನಾನೇ ಮಡಿಕೆ ಹಾಕುವುದು ಅಂತ ಕೂತೆ. ಒಂದು ತೋಳು, ಒಂದು ಮಡಿಕೆ, ಎಷ್ಟು ಹೊತ್ತಿನ ಕೆಲಸ.

ಸೂಜಿಗೆ ದಾರ ಪೋಣಿಸುವಷ್ಟರಲ್ಲಿ ಕಾಫಿ ಆರಿತು. ಹಿಡಿ ತಿರುವಿದೆ, ದಾರ ಕಿತ್ತಿತು. ಮತ್ತೆ ತಿರುವಿದೆ, ಬಟ್ಟೆಯ ಕೆಳಗೆ ದಾರ ಗೂಡು ಕಟ್ಟಿತು. ಹಿಡಿಯನ್ನು ಮುಂದಕ್ಕೇ ತಿರುವಬೇಕು, ಹಿಂದಕ್ಕೆ ಹೋದರೆ ಸಿಕ್ಕಾಗುತ್ತದೆ ಅಂತ ತಿಳಿಯಲು ಅರ್ಧ ಉಂಡೆ ದಾರ ಹೋಯಿತು. ಬಲಗೈ ಜೋರಾದರೆ ಎಡಗೈ ಹಿಂದೆ ಬೀಳುತ್ತದೆ, ಎಡಗೈ ಅವಸರ ಮಾಡಿದರೆ ಹೊಲಿಗೆ ಗೆರೆ ಬಿಟ್ಟು ಓಡುತ್ತದೆ. ಎರಡೂ ಕೈ ಜಗಳವಾಡದೆ ಒಟ್ಟಿಗೆ ನಡೆದರೆ ಮಾತ್ರ ಕಟಕಟ ಒಂದೇ ಸಮನೆ ಬರುತ್ತದೆ. ಮಧ್ಯಾಹ್ನದ ಹೊತ್ತಿಗೆ ನನಗೂ ಅಂಥ ನಾಲ್ಕು ಕಟಕಟ ಬಂತು. ಅಷ್ಟು ಹೊತ್ತು ತಲೆಯಲ್ಲಿ ಬೇರೆ ಏನೂ ಇರಲಿಲ್ಲ.

ಹೊಲಿದಾದ ಮೇಲೆ ಹೆಮ್ಮೆಯಿಂದ ಅಂಗಿ ಹಾಕಿಕೊಂಡೆ. ಕೈ ಹೊರಗೆ ಬರಲಿಲ್ಲ. ತೋಳಿನ ಮೇಲಿನ ಪದರಕ್ಕೆ ಕೆಳಗಿನ ಪದರವನ್ನೂ ಸೇರಿಸಿ ಹೊಲಿದಿದ್ದೆ. ಎಡಗೈ ಚೀಲದಲ್ಲಿ ಸಿಕ್ಕ ಬೆಕ್ಕಿನ ಹಾಗೆ ಒದ್ದಾಡಿತು. ಒಬ್ಬನೇ ಜೋರಾಗಿ ನಕ್ಕೆ.

ಬಿಚ್ಚುವುದಕ್ಕೆ ಸಂಜೆಯಾಯಿತು, ಮತ್ತೆ ಹೊಲಿಯುವುದಕ್ಕೆ ರಾತ್ರಿ.

ಜನವರಿ ೨೯, ಗುರುವಾರ

ಗಿರಾಕಿಯೊಬ್ಬರು ಆರು ಸ್ಟೂಲು ಕೊಂಡಿದ್ದರು. ಮನೆಗೆ ಒಯ್ದು ಸಾಲಾಗಿ ಇಟ್ಟು ನೋಡಿದರೆ ಆರಕ್ಕೂ ಬಲ ಮೂಲೆಯಲ್ಲಿ ಒಂದೇ ತಗ್ಗು. ನಿಮ್ಮ ಕುಶಲಕರ್ಮಿಗೆ ಒಂದೇ ತಪ್ಪನ್ನು ಆರು ಸಲ ಮಾಡುವಂಥ ಕೈಚಳಕ ಎಲ್ಲಿಂದ ಬಂತು ಅಂತ ಕೇಳಿ, ಆರನ್ನೂ ತಂದು ಅಂಗಳದಲ್ಲಿ ಸುರಿದು ಹೋಗಿದ್ದಾರೆ.

ಚಿಕ್ಕ ಯಜಮಾನ ಅಚ್ಚನ್ನು ಎತ್ತಿ ಹಿಡಿದು "ಇದು ಯಾರ ಬುದ್ಧಿವಂತಿಕೆ?" ಅಂದ. ಬೆನ್ನು ತಟ್ಟಿದ್ದು ಅವನಿಗೆ ಮರೆತಿದೆ. ದೊಡ್ಡವರ ಮರೆವು ದೊಡ್ಡದಾಗಿಯೇ ಇರುತ್ತದೆ. ನನ್ನದು ಅಂದೆ. ಆ ಅಚ್ಚಿಗೆ ಕೆಂಪು ಚೀಟಿ ಅಂಟಿಸಿ ನಾನೇ ಗುಜರಿ ಬುಟ್ಟಿಗೆ ಹಾಕಿದೆ.

ಸುತ್ತಿಗೆಯಕ್ಕ ಈಗ ಸುತ್ತಿಗೆ ಬಿಟ್ಟಿದ್ದಾಳೆ. ಸ್ಟೋರಿನಲ್ಲಿ ಬಿದ್ದಿದ್ದ ಹಳೆಯ ಕೈ ಉಜ್ಜುಗೊರಡನ್ನು ಎತ್ತಿಕೊಂಡು ಬಂದು ಸ್ಟೂಲಿನ ಅಂಚುಗಳನ್ನು ಉಜ್ಜುತ್ತಾಳೆ. ಮರದ ಸುರುಳಿ ಕಾಲ ಬಳಿ ರಾಶಿಯಾಗಿತ್ತು. ಬೇಗ ಆಗುವುದಿಲ್ಲ. ಒಂದರ ಅಂಚು ಇನ್ನೊಂದರ ಹಾಗಿಲ್ಲ.

"ಅಳೀರಿ ಸಾರ್" ಅಂದಳು, ಕೆಣಕುವ ದನಿಯಲ್ಲಿ.

ಅಂಚಿನ ಮೇಲೆ ಕೈಯಾಡಿಸಿದೆ. ನಂತರ ಅದರ ಮೇಲೆ ಕೂತೆ. ಅಲುಗಲಿಲ್ಲ, ಚುಚ್ಚಲಿಲ್ಲ. ಹಸಿರು ಅಂಟಿಸಿದೆ. ಟೇಪು ತೆಗೆಯಲು ಹೋದರೆ ಊಟದ ಹೊತ್ತು ಮೀರುತ್ತಿತ್ತು, ಅದಕ್ಕೆ.

ಜನವರಿ ೩೧, ಶನಿವಾರ

ಚಳಿ ಜಾಸ್ತಿ. ಬೀರುವಿನ ಮೇಲಿಂದ ಸ್ವೆಟರು ಇಳಿಸಿದೆ. ಕೆಂಪು ಚೀಟಿ ಇನ್ನೂ ಹಾಗೇ ಇತ್ತು. ಉಗುರಿನಲ್ಲಿ ಕಿತ್ತರೆ ನೂಲು ಎದ್ದುಬರುತ್ತದೆ, ಅದಕ್ಕೆ ಬಿಸಿನೀರಿನಲ್ಲಿ ನೆನೆಸಿದ ಬಟ್ಟೆ ಇಟ್ಟು ಮೆಲ್ಲಗೆ ಬಿಡಿಸಿದೆ.

ಹಾಕಿಕೊಂಡೆ. ಎರಡೂ ತೋಳು ಮಣಿಕಟ್ಟಿಗೆ ಬಂದು ನಿಂತವು. ಎರಡೂ.

ನಾಳೆ ಮೆಷಿನ್ ಕೊಟ್ಟು ಬರುತ್ತೇನೆ. ವ್ಯಾನಿನವರ ಕೈಗೆ ಕೊಟ್ಟರೆ ಎತ್ತಿ ಹಾಕುತ್ತಾರೆ.

ಫೆಬ್ರವರಿ ೧, ಭಾನುವಾರ

ಕಬ್ಬಿಣದ ಮೆಷಿನ್ ಹೊತ್ತುಕೊಂಡು ಬಸ್ಸು ಹತ್ತುವವನನ್ನು ಜನ ಹೇಗೆ ನೋಡುತ್ತಾರೆ ಅಂತ ಇವತ್ತು ತಿಳಿಯಿತು. ಕಂಡಕ್ಟರು ಅದಕ್ಕೂ ಟಿಕೆಟ್ ಹರಿದ. ದಾರಿಯುದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಮೈಮೇಲೆ ಫ್ಯಾಕ್ಟರಿ ಅಂಗಿ, ಅದರ ಮೇಲೆ ಸ್ವೆಟರು.

ಬಾಗಿಲು ತೆಗೆದವಳು ಅವಳೇ. ಮೊದಲು ಮೆಷಿನ್ ನೋಡಿದಳು, ಆಮೇಲೆ ಸ್ವೆಟರು. ನಡುಮನೆಯಲ್ಲಿ ಅವಳ ಅಕ್ಕ ಕಾಲು ಚಾಚಿಕೊಂಡು ಕೂತಿದ್ದರು. ಷಡ್ಡಕ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡ. ಮೇಜಿನ ಮೇಲೆ ಮೆಷಿನ್ ಇಟ್ಟೆ. ಬಸ್ಸಿನಲ್ಲಿ ಮಾತುಗಳನ್ನು ಜೋಡಿಸಿಕೊಂಡಿದ್ದೆ, ಒಂದೂ ನೆನಪಿಗೆ ಬರಲಿಲ್ಲ.

"ಅಳತೆ ತಪ್ಪಾಗಿತ್ತು" ಅಂದೆ.

"ಯಾರದು?"

"ನಂದು. ಸ್ವೆಟರಿದು ಸರಿ ಇದೆ." ಮೆಷಿನ್ನಿನ ಹಿಡಿ ಸರಿಮಾಡುತ್ತಾ, "ಅಂಗಿಗಳನ್ನೆಲ್ಲ ತೆಗೆದು ನೋಡಿದೆ. ಚೌಕಳಿ ಅಂಗಿನೂ ನೋಡಿದೆ. ಒಂದು ಮಾತು ಹೇಳಬಾರದಾಗಿತ್ತಾ?" ಅಂದೆ.

"ಹೇಳೋಕೇನಿದೆ. ನಿಮ್ಮ ಕೈ ಹಾಗಿದೆ, ಅದಕ್ಕೆ ಹಾಗೆ ಹೊಲಿದೆ" ಅಂದಳು. "ಸ್ವೆಟರ್ ಹಾಕ್ಕೊಂಡು ನೋಡ್ತೀರಿ ಅಂದ್ಕೊಂಡಿದ್ದೆ. ಟೇಪ್ ತೆಗೆದ್ರಿ. ಇಷ್ಟು ವರ್ಷ ಜೊತೆಗಿದ್ದು ನಾನು ಹೆಣೆದಿದ್ದು ಯಾರಿಗೆ ಅಂತಾನೇ ನಿಮಗೆ ಗೊತ್ತಾಗ್ಲಿಲ್ವಲ್ಲ, ಅದಕ್ಕೆ ಎದ್ದು ಬಂದೆ."

ಅಷ್ಟರಲ್ಲಿ ಅವಳ ಕಣ್ಣು ಸ್ವೆಟರಿನಿಂದ ಹೊರಗೆ ಇಣುಕುತ್ತಿದ್ದ ಅಂಗಿಯ ಕಫ್ ಮೇಲೆ ಬಿತ್ತು. ಕೈ ಹಿಡಿದು ಎಳೆದು, ತೋಳನ್ನು ಒಳಮಗ್ಗುಲು ತಿರುವಿದಳು.

"ಯಾರ ಕೆಲಸ ಇದು?"

"ನಂದೇ. ಆ ಮೆಷಿನ್ನಲ್ಲೇ."

"ಇದು ಹೊಲಿಗೆನಾ? ದಾರಿ ತಪ್ಪಿದ ಇರುವೆ ಸಾಲು ಹೋದ ಹಾಗಿದೆ." ಅಕ್ಕನಿಗೂ ತೋರಿಸಿದಳು. ಅಕ್ಕ ಕನ್ನಡಕ ಹಾಕಿಕೊಂಡು ನೋಡಿದರು. ಪೇಪರಿನ ಹಿಂದೆ ಯಾರೋ ನಕ್ಕರು. ಅವಳು ನಗಲಿಲ್ಲ, ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸುತ್ತಾ ನಿಂತಿದ್ದಳು. "ದಾರ ಎಷ್ಟು ಸಲ ಕಿತ್ತುಹೋಯ್ತು?"

"ಲೆಕ್ಕ ಇಟ್ಟಿಲ್ಲ."

"ನೀವು? ಲೆಕ್ಕ ಇಟ್ಟಿಲ್ಲ?" ಅಂದಳು. ಆಮೇಲೆ ಕೈ ಚಾಚಿ, "ಚೀಟಿ ಕೊಡಿ ಇಲ್ಲಿ. ಜೇಬಲ್ಲಿ ಇದ್ದೇ ಇರುತ್ತಲ್ಲ."

ಕೊಟ್ಟೆ. ಮೂರೂ ಕಟ್ಟನ್ನು ತಿರುವಿ ನೋಡಿದಳು. ಕೆಂಪಿನ ಮೇಲೆ ಬೆರಳು ಸ್ವಲ್ಪ ಹೊತ್ತು ನಿಂತಿತು. ಹೆದರಿದೆ, ಸುಳ್ಳು ಯಾಕೆ ಬರೆಯಲಿ. ಆಮೇಲೆ ಎಂದೂ ಬಿಚ್ಚದ ಹಳದಿ ಕಟ್ಟನ್ನು ಬಿಚ್ಚಿ, ಒಂದು ಚೀಟಿ ಕಿತ್ತು, ಸ್ವೆಟರಿನ ಮೇಲೆ ನನ್ನ ಎದೆಗೆ ಅಂಟಿಸಿ, ಏಳದ ಹಾಗೆ ಅಂಗೈಯಲ್ಲಿ ಒತ್ತಿದಳು.

"ಮೆಷಿನ್ ವಾಪಸ್ ತಗೊಂಡು ಹೋಗಿ" ಅಂದಳು. "ಎಂಟು ದಿನಕ್ಕೆ ಬಂದು ನೋಡ್ತೀನಿ."

ಬರುವಾಗ ಮತ್ತೆ ಅದೇ ಕಂಡಕ್ಟರು, ಮತ್ತೆ ಟಿಕೆಟು. ಕಬ್ಬಿಣ ಕಬ್ಬಿಣವೇ, ಎಷ್ಟು ಸಲ ಹೊತ್ತರೂ ತೂಕ ಇಳಿಯುವುದಿಲ್ಲ. ಪಕ್ಕದಲ್ಲಿ ಕೂತಿದ್ದವನು ನನ್ನ ಎದೆಯ ಮೇಲಿದ್ದುದನ್ನು ಓದಿ, ನನ್ನ ಮುಖ ನೋಡಿ, ಮತ್ತೆ ಓದಿದ. "ದುರಸ್ತಿಗೆ" ಅಂದೆ. ಹೌದಾ ಅಂದ. ಇಳಿಯುವವರೆಗೂ ಅದನ್ನು ತೆಗೆಯಲಿಲ್ಲ.

ಫೆಬ್ರವರಿ ೭, ಶನಿವಾರ

ನಾಳೆ ಬರುತ್ತಾಳೆ. ಷಡ್ಡಕ ಫೋನ್ ಮಾಡಿ ಬಸ್ಸಿನ ಹೊತ್ತು ಹೇಳಿದ. ಈ ಸಲ ಗಂಟಲು ಸರಿಮಾಡಿಕೊಳ್ಳಲಿಲ್ಲ. ಮನೆ ಗುಡಿಸಿದೆ. ಮೆಷಿನ್ನಿಗೆ ಎಣ್ಣೆ ಬಿಟ್ಟು ಹಿಡಿ ತಿರುವಿ ನೋಡಿದೆ, ಸದ್ದು ಮನೆಯೆಲ್ಲ ಕೇಳಿಸಿತು. ಮೂಲೆಯಲ್ಲಿ ಅವಳು ಕೂರುವ ಜಾಗಕ್ಕೆ ಸುತ್ತಿಗೆಯಕ್ಕ ಉಜ್ಜಿದ ಸ್ಟೂಲೊಂದನ್ನು ಕೊಂಡು ತಂದಿಟ್ಟಿದ್ದೇನೆ. ಅವಳ ಎತ್ತರಕ್ಕೆ ಸರಿಹೋಗುತ್ತದೋ ಇಲ್ಲವೋ ಅಳೆಯೋಣ ಅಂದರೆ ಟೇಪು ಫ್ಯಾಕ್ಟರಿಯಲ್ಲೇ ಉಳಿದಿದೆ. ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಮರೆತು ಬಂದವನಲ್ಲ. ವಯಸ್ಸಾಯಿತು, ಇನ್ನೇನು. ಅವಳೇ ಕೂತು ಹೇಳಲಿ.